ಡಾಕ್ಟರ ಚೀಟಿಯಿಂದ ರೋಗಿಯ ಕೈವರೆಗೆ: ಆಸ್ಪತ್ರೆ ಫಾರ್ಮಸಿ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಆಸ್ಪತ್ರೆಯ ಔಷಧ ವಿಭಾಗ ಹೇಗೆ ನಡೆಯಬೇಕು, ಕಾನೂನು ಏನು ಹೇಳುತ್ತದೆ ಎಂದು ಕೇಳಿ ಸಿಸ್ಟರುಗಳು, ಫಾರ್ಮಸಿಸ್ಟರು, ನರ್ಸಿಂಗ್ ಹೋಮ್ ನಡೆಸುವ ವೈದ್ಯರು, ರೋಗಿಗಳ ಮನೆಯವರು ಬರೆದಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರಿನ ಹೆಸರಷ್ಟನ್ನೇ ಉಳಿಸಿದ್ದೇವೆ.

ನಮ್ಮದು 15 ಹಾಸಿಗೆಯ ನರ್ಸಿಂಗ್ ಹೋಮ್. ಮೂವರು ವೈದ್ಯರಿದ್ದೇವೆ. ಮೆಡಿಕಲ್ ಶಾಪ್ ಅಂತ ಬೇರೆ ಇಟ್ಟಿಲ್ಲ. ಇಂಜೆಕ್ಷನ್, ಡ್ರಿಪ್, ಮಾತ್ರೆ ನಾವೇ ತರಿಸಿ ಕಪಾಟಿನಲ್ಲಿಟ್ಟು ಸಿಸ್ಟರ್ ಕೈಲಿ ಕೊಡಿಸುತ್ತೇವೆ, ಬಿಲ್ಲಿಗೆ ಸೇರಿಸುತ್ತೇವೆ. ಲೈಸೆನ್ಸ್ ಬೇಕೇ? ಫಾರ್ಮಸಿಸ್ಟ್ ಬೇಕೇ? (ವೈದ್ಯರು, ರಾಣೆಬೆನ್ನೂರು)

ಮೊದಲು ಎರಡು ಕೆಲಸಗಳನ್ನು ಬಿಡಿಸಿ ನೋಡಿ. ವಾರ್ಡಿನಲ್ಲಿ ಡಾಕ್ಟರು ಬರೆದ ಒಂದು ಡೋಸನ್ನು ಸಿಸ್ಟರ್ ರೋಗಿಗೆ ಹಾಕಿದರೆ ಅದು ಶುಶ್ರೂಷೆ. ಅದೇ ಸಿಸ್ಟರ್ ಡಿಸ್ಚಾರ್ಜ್ ದಿನ ಐದು ದಿನದ ಮಾತ್ರೆ ಎಣಿಸಿ, ಕವರಿಗೆ ಹಾಕಿ, ಮನೆಗೆ ಕೊಟ್ಟು ಕಳಿಸಿದರೆ ಅದು ಔಷಧ ವಿತರಣೆ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಗೆ ಔಷಧ ತಯಾರಿಸುವುದು, ಬೆರೆಸುವುದು, ವಿತರಿಸುವುದು ನೋಂದಾಯಿತ ಫಾರ್ಮಸಿಸ್ಟರ ಕೆಲಸ. ವೈದ್ಯರು ತಮ್ಮದೇ ರೋಗಿಗೆ ಔಷಧ ಕೊಡುವುದಕ್ಕೆ ಮಾತ್ರ ವಿನಾಯಿತಿ ಇದೆ. ಆ ವಿನಾಯಿತಿ ವೈದ್ಯರಿಗೆ ಸೇರಿದ್ದು, ಸಿಸ್ಟರಿಗಾಗಲಿ ರಿಸೆಪ್ಷನ್ ಹುಡುಗಿಗಾಗಲಿ ಅದು ದಾಟುವುದಿಲ್ಲ.

ಇನ್ನು ಲೈಸೆನ್ಸ್. 1945ರ ಔಷಧ ನಿಯಮಗಳ ಷೆಡ್ಯೂಲ್ ಕೆ (ವಿನಾಯಿತಿಗಳ ಪಟ್ಟಿ), 5ನೇ ಬಾಬಿನಲ್ಲಿ ವೈದ್ಯರು ಅಂಗಡಿ ತೆರೆಯದೆ ಸ್ವಂತ ರೋಗಿಗೆ ಔಷಧ ಕೊಡಲು ಮಾರಾಟ ಲೈಸೆನ್ಸ್ ಬೇಡ ಎಂದಿದೆ. ಅದಕ್ಕೂ ಷರತ್ತುಗಳಿವೆ. ಲೈಸೆನ್ಸ್ ಇರುವವರಿಂದಲೇ ಕೊಳ್ಳಬೇಕು, ಕೊಂಡ ದಾಖಲೆ ಇಡಬೇಕು. ಚೀಟಿ ಇಲ್ಲದೆ ಮಾರಬಾರದ ಔಷಧವಾದರೆ ಪೊಟ್ಟಣದ ಮೇಲೆ ವೈದ್ಯರ ಹೆಸರು, ವಿಳಾಸ, ಡೋಸ್ ಇರಬೇಕು. ರೋಗಿಯ ಹೆಸರು, ಔಷಧ, ಪ್ರಮಾಣ, ದಿನಾಂಕ ಒಂದು ರಿಜಿಸ್ಟರಿನಲ್ಲಿ ಏರಬೇಕು. ಆ ರಿಜಿಸ್ಟರನ್ನು ಕೊನೆಯ ನಮೂದಿನಿಂದ ಎರಡು ವರ್ಷ ಕಾಯ್ದಿಡಬೇಕು. ವಿನಾಯಿತಿ ಇದೆ ಎಂದು ನಿಶ್ಚಿಂತೆಯಿಂದ ಇರುವ ಕ್ಲಿನಿಕ್ಕುಗಳಲ್ಲಿ ಎಷ್ಟೋ ಕಡೆ ಈ ರಿಜಿಸ್ಟರೇ ಇರುವುದಿಲ್ಲ. ಅದಿಲ್ಲದಿದ್ದರೆ ವಿನಾಯಿತಿಯೂ ನಿಲ್ಲುವುದಿಲ್ಲ.

ಮೂವರು ವೈದ್ಯರ ರೋಗಿಗಳಿಗೆ ಒಂದೇ ಕಪಾಟಿನಿಂದ ಕೊಟ್ಟು, ಬಿಲ್ ಮಾಡುವ ನಿಮ್ಮಂಥ ಸಂಸ್ಥೆ ಈ ವಿನಾಯಿತಿಯನ್ನು ನೆಚ್ಚಿಕೊಳ್ಳಬಾರದು ಎಂಬುದೇ ನಮ್ಮ ಸಲಹೆ. ಫಾರ್ಮ್ 20 ಮತ್ತು 21ರ ಲೈಸೆನ್ಸ್ ತೆಗೆದುಕೊಳ್ಳಿ. ಲಸಿಕೆ, ಇನ್ಸುಲಿನ್, ಸೀರಮ್ ಥರದವು 21ರಲ್ಲಿ ಬರುತ್ತವೆ, ಉಳಿದ ಬಹುಪಾಲು 20ರಲ್ಲಿ. ಜಾಗ ಕನಿಷ್ಠ 10 ಚದರ ಮೀಟರ್ ಇರಬೇಕು, ಫ್ರಿಜ್ ಇರಬೇಕು, ಹೆಸರು ನಮೂದಾದ ಫಾರ್ಮಸಿಸ್ಟ್ ಇರಬೇಕು. ನಿಮ್ಮ ಥಿಯೇಟರಿನಲ್ಲಿ ಅರಿವಳಿಕೆಗೆ ಕೆಟಮಿನ್ ಬಳಸುತ್ತೀರಿ ಎಂದಾದರೆ ನೆನಪಿಡಿ, 2013ರಿಂದ ಅದು ಷೆಡ್ಯೂಲ್ ಎಕ್ಸ್, ಅಂದರೆ ಬಿಗಿ ನಿಯಂತ್ರಣದ ಪಟ್ಟಿಯ ಔಷಧ. ಸಹಿ ಮಾಡಿದ ಲಿಖಿತ ಆರ್ಡರ್ ಇಲ್ಲದೆ ಸರಬರಾಜುದಾರ ಕೊಡುವಂತಿಲ್ಲ. ನೀವು ಬೀಗದೊಳಗೆ ಇಟ್ಟು, ಆಂಪ್ಯೂಲ್ ಆಂಪ್ಯೂಲಿಗೂ ಲೆಕ್ಕ ಇಡಬೇಕು.

ಮತ್ತೊಂದು ಮಾತು. ಕಂಪನಿ ಪ್ರತಿನಿಧಿಗಳು ಕೊಟ್ಟ ಸ್ಯಾಂಪಲ್ಲುಗಳನ್ನು ಅದೇ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ. ಲೈಸೆನ್ಸ್ ಪಡೆದ ಜಾಗದಲ್ಲಿ ಅವನ್ನು ಮಾರುವುದಿರಲಿ, ದಾಸ್ತಾನು ಇಡುವುದಕ್ಕೂ ಅವಕಾಶವಿಲ್ಲ.

ಸರ್ಕಾರಿ ಆಸ್ಪತ್ರೆಗೆ ಡ್ರಗ್ ಲೈಸೆನ್ಸ್ ಬೇಡವಂತೆ. ಹಾಗಾದರೆ ಫಾರ್ಮಸಿ ಅಧಿಕಾರಿ ರಜೆ ಹೋದಾಗ ಗ್ರೂಪ್ ಡಿ ನೌಕರರು ಮಾತ್ರೆ ಕೊಟ್ಟರೆ ತಪ್ಪೇನು? (ಹೊಸದುರ್ಗ)

ಅರ್ಧ ಮಾತು ಸರಿ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಆಸ್ಪತ್ರೆಗೆ ಷೆಡ್ಯೂಲ್ ಕೆ, 5ಎ ಬಾಬು ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿದೆ. ಆದರೆ ಅದರ ಮೊದಲ ಷರತ್ತೇ, ಔಷಧ ವಿತರಣೆ ಅರ್ಹತೆಯುಳ್ಳವರ ಕೈಯಲ್ಲಿ ಅಥವಾ ಅವರ ಮೇಲ್ವಿಚಾರಣೆಯಲ್ಲಿ ನಡೆಯಬೇಕು ಎಂಬುದು. ಉಳಿದ ಮೂರು: ಔಷಧ ಪರಿವೀಕ್ಷಕರು ಬಂದರೆ ತಪಾಸಣೆಗೆ, ಮಾದರಿ ತೆಗೆಯುವುದಕ್ಕೆ ಬಿಡಬೇಕು, ಸರಿಯಾದ ವಾತಾವರಣದಲ್ಲಿ ಸಂಗ್ರಹಿಸಬೇಕು, ಎಲ್ಲಿಂದ ಬಂತು ಎಂಬ ದಾಖಲೆ ಕನಿಷ್ಠ ಎರಡು ವರ್ಷ ಇರಬೇಕು. ವಿನಾಯಿತಿ ಸಿಕ್ಕಿರುವುದು ಲೈಸೆನ್ಸಿನ ಕಾಗದಕ್ಕೆ ಮಾತ್ರ.

ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಇದನ್ನು ಖಚಿತವಾಗಿ ಹೇಳಿದೆ. ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಆಸ್ಪತ್ರೆ, ಡಿಸ್ಪೆನ್ಸರಿ ನಡೆಸಿದರೆ ಜನರ ಆರೋಗ್ಯಕ್ಕೇ ಕುತ್ತು, ಅದನ್ನು ತಡೆಯುವುದು ರಾಜ್ಯ ಸರ್ಕಾರ ಮತ್ತು ಫಾರ್ಮಸಿ ಕೌನ್ಸಿಲಿನ ಹೊಣೆ ಎಂದು.

ಉಪಕೇಂದ್ರದ ಸಹಾಯಕ ಶುಶ್ರೂಷಕಿ ಎಎನ್‌ಎಂ, ಅಂಗನವಾಡಿ ಕಾರ್ಯಕರ್ತೆ ರಾಷ್ಟ್ರೀಯ ಕಾರ್ಯಕ್ರಮಗಳಡಿ ಕಬ್ಬಿಣಾಂಶದ ಮಾತ್ರೆ, ಓಆರ್‌ಎಸ್ ಕೊಡುವುದು ಬೇರೆ. ಅದಕ್ಕೆ ಅದೇ ಷೆಡ್ಯೂಲಿನ 23ನೇ ಬಾಬಿನಲ್ಲಿ ಪ್ರತ್ಯೇಕ ಅವಕಾಶವಿದೆ. ತಾಲ್ಲೂಕು ಆಸ್ಪತ್ರೆಯ ಕೌಂಟರಿನಲ್ಲಿ ಆಂಟಿಬಯಾಟಿಕ್ ಎಣಿಸಿ ಕೊಡುವುದಕ್ಕೆ ಅದನ್ನು ಎಳೆದು ತರಲಾಗದು.

ಗ್ರೂಪ್ ಡಿ ನೌಕರರನ್ನು ನಾವು ದೂರುವುದಿಲ್ಲ, ಅವರನ್ನು ಅಲ್ಲಿ ಕೂರಿಸುವವರು ಬೇರೆಯವರು. ರಜೆ ಮೊದಲೇ ಗೊತ್ತಿದ್ದರೆ ಹತ್ತಿರದ ಕೇಂದ್ರದ ಫಾರ್ಮಸಿ ಅಧಿಕಾರಿಯನ್ನು ನಿಯೋಜಿಸುವಂತೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕೇಳಿ. ದಿಢೀರ್ ರಜೆಯಾದರೆ ಆ ದಿನ ವೈದ್ಯರೇ ತಮ್ಮ ರೋಗಿಗೆ ಕೊಡಲಿ. ಸಾಲು ನಿಧಾನವಾಗುತ್ತದೆ, ಜನ ಗೊಣಗುತ್ತಾರೆ. ಆದರೂ ಅದೇ ಸರಿ.

ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಬೆಳಿಗ್ಗೆ 9ರಿಂದ ಸಂಜೆ 6 ನನ್ನ ಡ್ಯೂಟಿ. ರಾತ್ರಿಯೂ ಕೌಂಟರ್ ತೆರೆದಿರುತ್ತದೆ, ಗೋಡೆಯ ಮೇಲೆ ನನ್ನ ಸರ್ಟಿಫಿಕೇಟ್ ತೂಗುತ್ತಿರುತ್ತದೆ. ತೊಂದರೆಯಾದರೆ ನನ್ನ ತಲೆಗೆ ಬರುತ್ತದೆಯೇ? (ತುಮಕೂರು)

ಬರುತ್ತದೆ. 1945ರ ಔಷಧ ನಿಯಮಗಳ 65ನೇ ನಿಯಮದಲ್ಲಿರುವುದು ‘ಖುದ್ದು ಮೇಲ್ವಿಚಾರಣೆ’ ಎಂಬ ಮಾತು. ಫೋನಿನಲ್ಲಿ ಸಿಗುತ್ತೇನೆ ಎಂಬುದು ಖುದ್ದು ಆಗುವುದಿಲ್ಲ. ನಿಮ್ಮ ಡ್ಯೂಟಿ ವೇಳೆಯನ್ನು ಆಡಳಿತಕ್ಕೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ರಾತ್ರಿಗೆ ಇನ್ನೊಬ್ಬರ ಹೆಸರನ್ನು ಲೈಸೆನ್ಸಿಗೆ ಸೇರಿಸುವಂತೆ ಕೇಳಿ. ಕೆಲಸ ಬಿಟ್ಟರೆ ಅದೇ ದಿನ ಔಷಧ ನಿಯಂತ್ರಣ ಇಲಾಖೆಗೂ ಪತ್ರ ಹಾಕಿ. ಮಾಲೀಕರು ತಿಳಿಸುತ್ತಾರೆ ಎಂದು ಸುಮ್ಮನಿದ್ದು, ಬಿಟ್ಟುಹೋದ ಅಂಗಡಿಯ ತಪ್ಪಿಗೆ ವರ್ಷಗಳ ನಂತರ ನೋಟಿಸ್ ಪಡೆದವರಿದ್ದಾರೆ.

2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಆಸ್ಪತ್ರೆಯಲ್ಲಿರುವವರಿಗೂ ಅನ್ವಯ. ಶುಭ್ರವಾದ ಬಿಳಿ ಕೋಟು, ಅದರ ಮೇಲೆ ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಇರಬೇಕು. ಐದು ವರ್ಷದಲ್ಲಿ ಕನಿಷ್ಠ ಎರಡು ಒಂದು ದಿನದ ಪುನಶ್ಚೇತನ ತರಬೇತಿಗೆ ಹಾಜರಾಗಿರಬೇಕು. ಷೆಡ್ಯೂಲ್ ಎಚ್1 (ಚೀಟಿ ಇಲ್ಲದೆ ಮಾರಬಾರದ, ಹೆಚ್ಚು ನಿಗಾ ಬೇಕಾದವುಗಳ ಪಟ್ಟಿ) ಔಷಧಗಳಿಗೆ 2014ರ ಮಾರ್ಚ್‌ನಿಂದ ಪ್ರತ್ಯೇಕ ರಿಜಿಸ್ಟರ್ ಕಡ್ಡಾಯ: ಬರೆದ ವೈದ್ಯರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ. ಕೊಟ್ಟ ಗಳಿಗೆಯಲ್ಲೇ ಬರೆಯಬೇಕು, ಮೂರು ವರ್ಷ ಇಡಬೇಕು. ತಿಂಗಳ ಕೊನೆಗೆ ಬಿಲ್ ನೋಡಿಕೊಂಡು ಒಂದೇ ಪೆನ್ನಿನಲ್ಲಿ ತುಂಬಿದ ರಿಜಿಸ್ಟರನ್ನು ಪರಿವೀಕ್ಷಕರು ದೂರದಿಂದಲೇ ಗುರುತಿಸುತ್ತಾರೆ.

ವಾರ್ಡಿನಲ್ಲೇ ಎಲ್ಲ ಇಂಜೆಕ್ಷನ್ ಇದ್ದರೆ ಕೆಲಸ ಸಲೀಸು. ಆದರೆ ಹೊಸ ಫಾರ್ಮಸಿಸ್ಟ್ ಬಂದು ಪೊಟ್ಯಾಸಿಯಂ, ಹೆಪಾರಿನ್ ಎಲ್ಲ ಎತ್ತಿಕೊಂಡು ಹೋಗಿದ್ದಾರೆ. ರಾತ್ರಿ ಒಂದೊಂದಕ್ಕೂ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿ ಓಡಬೇಕು. ಇದು ಅತಿಯಲ್ಲವೇ? (ಸ್ಟಾಫ್ ನರ್ಸ್, ಹುಬ್ಬಳ್ಳಿ)

ನಿಮ್ಮ ಕಷ್ಟ ನಿಜ. ಆದರೂ ಆ ಫಾರ್ಮಸಿಸ್ಟ್ ಮಾಡಿದ್ದು ಸರಿಯಾದ ಕೆಲಸ.

ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ಕೈಗೆ ತೆಗೆದುಕೊಂಡು ನೋಡಿ. 10 ಮಿ.ಲೀ., ನೀರಿನಷ್ಟು ತಿಳಿ. ಪಕ್ಕದಲ್ಲೇ ಡಿಸ್ಟಿಲ್ಡ್ ವಾಟರಿನ 10 ಮಿ.ಲೀ. ಆಂಪ್ಯೂಲ್. ಎರಡೂ ಒಂದೇ ಟ್ರೇಯಲ್ಲಿ, ರಾತ್ರಿ ಮೂರು ಗಂಟೆ, ಮಂದ ಬೆಳಕು, ಆಂಟಿಬಯಾಟಿಕ್ ಪುಡಿ ಕಲಸಲು ಕೈ ಹಾಕುತ್ತೀರಿ. 15 ಪ್ರತಿಶತದ ಆ ಆಂಪ್ಯೂಲಿನಲ್ಲಿ ಒಂದೂವರೆ ಗ್ರಾಂ, ಅಂದರೆ 20 ಮಿಲಿಈಕ್ವಿವಲೆಂಟ್ (ಲವಣ ಅಳೆಯುವ ಮಾನ) ಪೊಟ್ಯಾಸಿಯಂ ಇದೆ. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗುತ್ತದೆ. ಅಷ್ಟು ಹೊತ್ತಿಗೆ ಏನಾಯಿತೆಂದು ತಿಳಿದರೂ ಮರಳಿ ತರುವುದು ಬಹಳ ಕಷ್ಟ. ಆದ್ದರಿಂದಲೇ ಗಾಢ ಪೊಟ್ಯಾಸಿಯಂ ಸಾಮಾನ್ಯ ವಾರ್ಡಿನಲ್ಲಿ ಇರಬಾರದು ಎಂಬುದು ರೋಗಿ ಸುರಕ್ಷತೆಯ ಹಳೆಯ ಪಾಠ. ಐಸಿಯುನಂಥ ಕಡೆ ಬೇಕೇ ಬೇಕು ಎಂದರೆ ಬೇರೆ ಡಬ್ಬಿ, ಕೆಂಪು ಲೇಬಲ್, ಬೀಗ, ‘ಬೆರೆಸದೆ ಕೊಡಬಾರದು’ ಎಂಬ ಬರಹ.

ಬೆರೆಸುವಾಗಲೂ ಎಡವಟ್ಟು ಆಗುತ್ತದೆ. 500 ಮಿ.ಲೀ. ಬಾಟಲಿಗೆ ಒಂದು ಆಂಪ್ಯೂಲ್ ಹಾಕಿದರೆ ಲೀಟರಿಗೆ 40 ಮಿಲಿಈಕ್ವಿವಲೆಂಟ್ ಆಯಿತು. ಕೈಯ ರಕ್ತನಾಳದಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಗಾಢ ಬೇಡ. ಮಾನಿಟರ್ ಇಲ್ಲದ ವಾರ್ಡಿನಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟಿಗಿಂತ ಹೆಚ್ಚು ಹೋಗಬಾರದು, ಹಾಗಾಗಿ ಆ ಬಾಟಲಿ ಎರಡು ಗಂಟೆಗಿಂತ ಬೇಗ ಮುಗಿಯಬಾರದು. ತೂಗುಹಾಕಿದ ಬಾಟಲಿಗೇ ಸೂಜಿ ಚುಚ್ಚಿ ಪೊಟ್ಯಾಸಿಯಂ ಹಾಕಿ ಹಾಗೇ ಬಿಡಬೇಡಿ. ಅದು ತೂಕದ ದ್ರಾವಣ, ಕೆಳಗೆ ಬಾಯಿಯ ಹತ್ತಿರವೇ ನಿಂತು ಮೊದಲು ಅದೇ ಇಳಿಯುತ್ತದೆ. ಬಾಟಲಿ ಕೆಳಗಿಳಿಸಿ, ಡ್ರಿಪ್ ಮುಚ್ಚಿ, ಹಾಕಿ, ಹತ್ತು ಸಲವಾದರೂ ಮೇಲೆ ಕೆಳಗೆ ತಿರುಗಿಸಿ, ಲೇಬಲ್ ಅಂಟಿಸಿ, ಆಮೇಲೆ ತೂಗುಹಾಕಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕಥೆಯೂ ಹೀಗೇ. 5 ಮಿ.ಲೀ. ವಯಲ್ ಎರಡು ಬಲದಲ್ಲಿ ಸಿಗುತ್ತದೆ: ಒಂದರಲ್ಲಿ ಒಟ್ಟು 5,000 ಯೂನಿಟ್, ಇನ್ನೊಂದರಲ್ಲಿ 25,000. ಗಾತ್ರ ಒಂದೇ, ಐದು ಪಟ್ಟು ವ್ಯತ್ಯಾಸ. ‘ಹೆಪಾರಿನ್ 1 ಮಿ.ಲೀ.’ ಎಂದು ಚೀಟಿಯಲ್ಲಿ ಬರೆದಿದ್ದರೆ ಫಾರ್ಮಸಿಸ್ಟ್ ಕೊಡದೆ ಫೋನ್ ಮಾಡಬೇಕು. ಯೂನಿಟ್‌ನಲ್ಲೇ ಬರೆಸಿಕೊಳ್ಳಬೇಕು.

ಇನ್ಸುಲಿನ್ ಬಗ್ಗೆ ತುಸು ಬಿಡಿಸಿ ಹೇಳುತ್ತೇವೆ, ಏಕೆಂದರೆ ಇದು ದಿನದಿನವೂ ನಡೆಯುವಂಥದ್ದು. ನಮ್ಮಲ್ಲಿ ವಯಲ್ ಸಾಮಾನ್ಯವಾಗಿ ಮಿ.ಲೀ.ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಪೆನ್ ಕೆಟ್ಟಿದೆ ಎಂದು ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ‘20 ಯೂನಿಟ್’ ಎಳೆದರೆ ಬಂದದ್ದು ಅರ್ಧ ಮಿ.ಲೀ. ಅದರಲ್ಲಿ ಇರುವುದು 50 ಯೂನಿಟ್. ಮುಂಜಾನೆ ರೋಗಿ ಬೆವರಿ ಪ್ರಜ್ಞೆ ತಪ್ಪಿದಾಗ ಯಾರಿಗೂ ಕಾರಣ ಹೊಳೆಯುವುದಿಲ್ಲ. ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯಲೇಬಾರದು. ಫಾರ್ಮಸಿಯಿಂದ ಇನ್ಸುಲಿನ್ ಹೊರಡುವಾಗ ಅದಕ್ಕೆ ಹೊಂದುವ ಸಿರಿಂಜ್ ಜೊತೆಗೇ ಹೋಗಬೇಕು.

ಇನ್ನು ನಿಮ್ಮ ರಾತ್ರಿ ಓಟ. ಅದಕ್ಕೆ ದಾರಿ ವಾರ್ಡ್ ಪಟ್ಟಿ. ವಾರ್ಡಿನ ಹಿರಿಯ ಸಿಸ್ಟರ್, ವೈದ್ಯರು, ಫಾರ್ಮಸಿಸ್ಟ್ ಕೂತು ಯಾವ ಔಷಧ, ಎಷ್ಟು ಆಂಪ್ಯೂಲ್ ವಾರ್ಡಿನಲ್ಲಿ ಇರಬೇಕು ಎಂದು ಬರೆಯಿರಿ. ಅಡ್ರಿನಲಿನ್, ಅಟ್ರೋಪಿನ್ ಥರದ ತುರ್ತು ಔಷಧ ಕ್ರ್ಯಾಶ್ ಟ್ರಾಲಿಯಲ್ಲಿ ಇರಲೇಬೇಕು. ಟ್ರಾಲಿಗೆ ನಂಬರಿನ ಪ್ಲಾಸ್ಟಿಕ್ ಸೀಲ್ ಹಾಕಿ. ಪ್ರತಿ ಪಾಳಿಯಲ್ಲೂ ಸೀಲ್ ನಂಬರ್ ನೋಡಿ ಸಹಿ ಹಾಕಿದರೆ ಸಾಕು. ಸೀಲ್ ಒಡೆದರೆ ಫಾರ್ಮಸಿಯವರು ಬಂದು ತುಂಬಿ ಹೊಸ ಸೀಲ್ ಹಾಕುತ್ತಾರೆ. ಒಡೆಯದಿದ್ದರೂ ತಿಂಗಳಿಗೊಮ್ಮೆ ತೆರೆದು ಅವಧಿ ನೋಡಬೇಕು. ಡೋಪಮಿನ್, ಡೊಬುಟಮಿನ್‌ನಂತೆ ಹೆಸರು ಒಂದೇ ಥರ ಕೇಳಿಸುವಂಥವು ಒಂದೇ ಖಾನೆಯಲ್ಲಿ ಅಕ್ಕಪಕ್ಕ ಕೂರದಿರಲಿ. ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದರೆ ಅವೇ ಪಕ್ಕಪಕ್ಕ ಬರುತ್ತವೆ, ಗಮನಿಸಿ.

ಡಾಕ್ಟರು ಒಂದು ಕಂಪನಿಯ ಮಾತ್ರೆ ಬರೆದರೆ ಆಸ್ಪತ್ರೆ ಕೌಂಟರಿನಲ್ಲಿ ಇನ್ನೊಂದು ಕೊಟ್ಟು ‘ಎರಡೂ ಒಂದೇ’ ಎನ್ನುತ್ತಾರೆ. ಹೀಗೆ ಬದಲಾಯಿಸಬಹುದೇ? (ಶಿರಸಿ)

ಚೀಟಿ ಬೇಕಾದ ಔಷಧದಲ್ಲಿ, ಬರೆದ ಬ್ರ್ಯಾಂಡಿನ ಬದಲು ಇನ್ನೊಂದು ಕೊಡುವಂತಿಲ್ಲ. ಒಳಗಿನ ಔಷಧ ಒಂದೇ ಆಗಿದ್ದರೂ ಇಲ್ಲ ಎಂದು 65(11ಎ) ನಿಯಮ ಬಾಯಿಬಿಟ್ಟು ಹೇಳಿದೆ. ವೈದ್ಯರಿಗೆ ಫೋನ್ ಮಾಡಿ, ಅವರು ಚೀಟಿ ತಿದ್ದಿ ಸಹಿ ಹಾಕಿದರೆ ಸರಿ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ನೇರ ಪರಿಹಾರ ವೈದ್ಯರು ಔಷಧದ ಮೂಲ ಹೆಸರನ್ನು ಬರೆಯುವುದು. ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲೇ ತನ್ನ ನೀತಿ ಸಂಹಿತೆಗೆ ಸೇರಿಸಿದೆ. ಹಾಗೆ ಬರೆದರೆ ಆಸ್ಪತ್ರೆಯ ಔಷಧ ಸಮಿತಿ ಆರಿಸಿ ತರಿಸಿಟ್ಟ ಕಂಪನಿಯದನ್ನು ಕೊಡುವುದಕ್ಕೆ ಅಡ್ಡಿಯಿಲ್ಲ.

ಅಮ್ಮನನ್ನು ಡಿಸ್ಚಾರ್ಜ್ ಮಾಡಿಸಿದಾಗ ಎಂಟು ಬಗೆಯ ಮಾತ್ರೆ ಕೊಟ್ಟರು. ಕವರಿನ ಮೇಲೆ 1-0-1 ಅಂತ ಬರೆದಿದ್ದರು ಅಷ್ಟೆ. ಕೌಂಟರಿನವರು ಇದಕ್ಕಿಂತ ಹೆಚ್ಚು ಹೇಳಬೇಕೆಂಬ ನಿಯಮ ಇದೆಯೇ? (ಮಡಿಕೇರಿ)

ಇದೆ. 2015ರ ನಿಯಮಾವಳಿಯಲ್ಲಿ ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯ. ಔಷಧದ ಹೆಸರು, ಯಾತಕ್ಕೆ, ಎಷ್ಟು, ಎಷ್ಟು ದಿನ, ಹೇಗೆ ತೆಗೆದುಕೊಳ್ಳಬೇಕು, ಯಾವ ತೊಂದರೆ ಕಾಣಿಸಬಹುದು, ಎಲ್ಲಿ ಇಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಎಲ್ಲವೂ ಅದರಲ್ಲಿ ಬರುತ್ತವೆ.

ಇದು ಏಕೆ ಮುಖ್ಯ ಎನ್ನುವುದಕ್ಕೆ ಒಂದೇ ಮಾತ್ರೆ ಸಾಕು: ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ. ಕವರಿನ ಮೇಲೆ ಅಭ್ಯಾಸಬಲದಿಂದ 1-0-0 ಎಂದು ಬಿದ್ದರೆ ಮನೆಯಲ್ಲಿ ದಿನಾ ನುಂಗುತ್ತಾರೆ. ಕೆಲವೇ ದಿನಗಳಲ್ಲಿ ಬಾಯಿಯೆಲ್ಲ ಹುಣ್ಣು, ಬಿಳಿ ರಕ್ತಕಣ ಕುಸಿತ, ಸೋಂಕು, ಸಾವಿನವರೆಗೂ ಹೋದದ್ದಿದೆ. ಕವರಿನ ಮೇಲೆ ‘ಪ್ರತಿ ಭಾನುವಾರ ಮಾತ್ರ’ ಎಂದು ಕನ್ನಡದಲ್ಲಿ ವಾರದ ಹೆಸರು ಬರೆಯಬೇಕು. ನಾಲ್ಕು ವಾರಕ್ಕೆ ಬೇಕಾದಷ್ಟೇ ಮಾತ್ರೆ ಕೊಡಬೇಕು. ಜೊತೆಗೆ ಬರುವ ಫೋಲಿಕ್ ಆಸಿಡ್ ಯಾವ ದಿನ ಎಂಬುದನ್ನೂ ಬರೆಯಬೇಕು, ಎರಡೂ ಹಳದಿ ಚಿಕ್ಕ ಮಾತ್ರೆಗಳಾಗಿದ್ದರೆ ಅದಲುಬದಲಾಗುವುದು ಸುಲಭ.

ಕೌಂಟರಿನಲ್ಲಿ ಒಂದೊಂದು ಮಾತ್ರೆ ತೋರಿಸಿ ‘ಇದು ಯಾತಕ್ಕೆ?’ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಔಷಧದಿಂದ ತೊಂದರೆ ಆಯಿತು ಅನಿಸಿದರೆ ರೋಗಿಯ ಮನೆಯವರೂ ವರದಿ ಮಾಡಬಹುದು. ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024.

ಆಸ್ಪತ್ರೆಯ ಒಳಗಿನ ಅಂಗಡಿಯಲ್ಲೇ ಔಷಧ ಕೊಳ್ಳಬೇಕು ಎಂದು ಒತ್ತಾಯ. ಹೊರಗೆ ತಂದರೆ ಹಾಕುವುದಿಲ್ಲ ಎನ್ನುತ್ತಾರೆ. ಎರಡು ಮಾತ್ರೆ ಬೇಕಾದರೂ ಪೂರ್ತಿ ಸ್ಟ್ರಿಪ್. (ಮೈಸೂರು ಮತ್ತು ಕಲಬುರಗಿಯಿಂದ ಹಲವರು)

ಈ ಒತ್ತಾಯದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2025ರ ಮಾರ್ಚ್ ತಿಂಗಳಲ್ಲಿ ಕೋರ್ಟು ದೇಶಕ್ಕೆಲ್ಲ ಒಂದೇ ಆದೇಶ ಕೊಡದೆ, ನೀತಿ ರೂಪಿಸುವುದನ್ನು ರಾಜ್ಯ ಸರ್ಕಾರಗಳಿಗೆ ಬಿಟ್ಟಿತು. ಥಿಯೇಟರಿನಲ್ಲಿ, ಐಸಿಯುನಲ್ಲಿ ಎಲ್ಲಿಂದ ಬಂದದ್ದು, ಫ್ರಿಜ್ಜಿನಲ್ಲಿ ಇತ್ತೇ ಎಂದು ಗೊತ್ತಿಲ್ಲದ ಇಂಜೆಕ್ಷನ್ ಬಳಸಲು ಆಸ್ಪತ್ರೆ ಹಿಂಜರಿದರೆ ಅದರಲ್ಲಿ ಅರ್ಥವಿದೆ. ಆದರೆ ಲೈಸೆನ್ಸ್ ಇರುವ ಅಂಗಡಿಯ ಬಿಲ್ಲಿನೊಂದಿಗೆ, ಬ್ಯಾಚ್ ನಂಬರ್ ಹೊಂದಿಕೆಯಾಗುವ ಮಾತ್ರೆಯನ್ನು ತಿರಸ್ಕರಿಸುವುದಕ್ಕೆ ಅಂಥ ಕಾರಣವಿಲ್ಲ. ಬಿಲ್ ಇಟ್ಟುಕೊಂಡು, ನಿರಾಕರಣೆಯನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ.

ಬಿಡಿ ಮಾತ್ರೆಯ ವಿಷಯ ಸ್ಪಷ್ಟ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಬಿಡಿಯಾಗಿ ಮಾರಿದರೆ ಸ್ಟ್ರಿಪ್ ಬೆಲೆಯನ್ನು ಭಾಗಿಸಿ ಬರುವುದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕತ್ತರಿಸುವಾಗ ಬ್ಯಾಚ್ ಮತ್ತು ಅವಧಿ ಮುದ್ರಿಸಿದ ತುದಿಯನ್ನು ಕೊನೆಗೆ ಉಳಿಸಿಕೊಳ್ಳುವುದು, ಕೊಟ್ಟ ಕವರಿನ ಮೇಲೆ ಆ ಎರಡನ್ನೂ ಬರೆಯುವುದು ಫಾರ್ಮಸಿಸ್ಟರ ಕೆಲಸ.

ಫ್ರಿಜ್ಜಿನಲ್ಲಿ ಇಟ್ಟರೆ ಔಷಧ ಸುರಕ್ಷಿತ ಅಲ್ಲವೇ? ಪರಿವೀಕ್ಷಕರು ತಾಪಮಾನದ ಪುಸ್ತಕ ಇಲ್ಲವೆಂದು ತಕರಾರು ಮಾಡಿದರು. (ಕೊಪ್ಪಳ)

ಫ್ರಿಜ್ ಎನ್ನುವುದು ಪೆಟ್ಟಿಗೆ. ಬೇಕಾಗಿರುವುದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ನಿಮ್ಮ ಕಡೆ ಮನೆ ಬಳಕೆಯ ಫ್ರಿಜ್ಜಿನ ಬಾಗಿಲ ಖಾನೆ 12 ಡಿಗ್ರಿ ದಾಟುವುದೂ, ಅದೇ ಫ್ರಿಜ್ಜಿನ ಮೇಲಿನ ತಟ್ಟೆ ಶೂನ್ಯಕ್ಕೆ ಇಳಿಯುವುದೂ ಒಂದೇ ದಿನ ಆಗುತ್ತದೆ. ಬಿಸಿಗೆ ಹೆದರುವಷ್ಟು ಜನ ಮಂಜುಗಟ್ಟುವುದಕ್ಕೆ ಹೆದರುವುದಿಲ್ಲ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಾಣಬಹುದು. ಆದರೂ ಅದನ್ನು ಬಳಸುವಂತಿಲ್ಲ. ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಗಳೂ ಹಾಗೆಯೇ.

ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರ್ ನಡುವಿನ ತಟ್ಟೆಯಲ್ಲಿ ಇಡಿ. ಬೆಳಿಗ್ಗೆ, ಸಂಜೆ ಎರಡು ಸಲ ಬರೆಯಿರಿ, ಭಾನುವಾರವೂ ಸೇರಿ. ಬಾಗಿಲಲ್ಲಿ ಔಷಧ ಬೇಡ, ಅಲ್ಲಿ ನೀರಿನ ಬಾಟಲಿ ತುಂಬಿಡಿ, ಕರೆಂಟು ಹೋದಾಗ ತಂಪು ಹಿಡಿದಿಡುತ್ತವೆ. ಕರೆಂಟು ಹೋದರೆ ಬಾಗಿಲು ತೆರೆಯಬೇಡಿ, ಹೋದ ಹೊತ್ತು, ಬಂದ ಹೊತ್ತು, ಬಂದಾಗಿನ ಡಿಗ್ರಿ ಬರೆಯಿರಿ. ಊಟದ ಡಬ್ಬಿ, ಹಾಲು ಒಳಗೆ ಇರಕೂಡದು. ತೆರೆದ ಇನ್ಸುಲಿನ್ ವಯಲ್ ಮೇಲೆ ತೆರೆದ ದಿನಾಂಕ ಬರೆದು 28 ದಿನಕ್ಕೆ ಎಸೆಯಿರಿ. ಆಕ್ಸಿಟೋಸಿನ್ ಆಂಪ್ಯೂಲ್ ಹೆರಿಗೆ ಕೋಣೆಯ ಟ್ರೇಯಲ್ಲಿ ದಿನಗಟ್ಟಲೆ ಬಿದ್ದಿರುವುದನ್ನು ನಿಲ್ಲಿಸಿ. ಶಕ್ತಿ ಕಳೆದುಕೊಂಡ ಆಕ್ಸಿಟೋಸಿನ್ ಬಾಣಂತಿಯ ರಕ್ತಸ್ರಾವ ನಿಲ್ಲಿಸುವುದಿಲ್ಲ.

ಅವಧಿ ಮುಗಿದವುಗಳ ಬಗ್ಗೆಯೂ ಕೇಳಿದ್ದೀರಿ. ಅವನ್ನು ಮಾರಾಟದ ದಾಸ್ತಾನಿನಿಂದ ಬೇರೆ ಪೆಟ್ಟಿಗೆಗೆ ಹಾಕಿ, ಮೇಲೆ ‘ಮಾರಾಟಕ್ಕಲ್ಲ’ ಎಂದು ದಪ್ಪಗೆ ಬರೆದು, ಕಂಪನಿಗೆ ಮರಳಿಸಿ. ಹಾಗೆ ಮರಳದವು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ ಚೀಲಕ್ಕೆ ಹೋಗಬೇಕು. ಕ್ಯಾನ್ಸರ್ ಔಷಧವಾದರೆ 1,200 ಡಿಗ್ರಿಗೂ ಮೇಲೆ ಸುಡಬೇಕು, ಅದನ್ನು ಬೇರೆಯಾಗಿ ಗುರುತು ಹಾಕಿ ಕೊಡಿ.

ಒಂದು ಬ್ಯಾಚ್ ಔಷಧ ಕೆಟ್ಟದ್ದು ಎಂದು ಆದೇಶ ಬಂದರೆ ಆಸ್ಪತ್ರೆಯಲ್ಲಿ ಮೊದಲು ಏನು ಮಾಡಬೇಕು? (ಫಾರ್ಮಸಿ ಅಧಿಕಾರಿ, ಸಿಂಧನೂರು)

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಡ್ರಿಪ್ಪಿನಲ್ಲಿ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿದ್ದಾಗ ಇಡೀ ರಾಜ್ಯ ಈ ಪ್ರಶ್ನೆ ಕೇಳಿತು. ಉಗ್ರಾಣದಲ್ಲಿ ಉಳಿದ ಪೆಟ್ಟಿಗೆಯನ್ನು ಸೀಲ್ ಮಾಡುವುದು ಸುಲಭ. ಕಷ್ಟವಿರುವುದು ಹೊರಗೆ ಹೋದದ್ದರಲ್ಲಿ. ವಾರ್ಡಿನ ಮಂಚದ ಕೆಳಗೆ, ಥಿಯೇಟರಿನ ಕಪಾಟಿನಲ್ಲಿ, ಆಂಬುಲೆನ್ಸಿನಲ್ಲಿ, ಹೆರಿಗೆ ಕೋಣೆಯಲ್ಲಿ ನಾಲ್ಕು ನಾಲ್ಕು ಬಾಟಲಿ ಕೂತಿರುತ್ತವೆ.

ಆದೇಶ ಬಂದ ಗಳಿಗೆಯಲ್ಲೇ ನೀವೇ ಒಂದು ಸುತ್ತು ಹೋಗಿ. ಫೋನಿನಲ್ಲಿ ‘ವಾಪಸ್ ಕಳಿಸಿ’ ಎಂದರೆ ಎಲ್ಲವೂ ಬರುವುದಿಲ್ಲ. ಬಂದದ್ದು, ಕೊಟ್ಟದ್ದು, ಮರಳಿದ್ದು, ಬಳಕೆಯಾದದ್ದು ಕೂಡಿ ತಾಳೆಯಾಗಬೇಕು. ತಾಳೆಯಾಗದ ಬಾಟಲಿ ಇನ್ನೂ ಎಲ್ಲೋ ಇದೆ ಎಂದೇ ತಿಳಿಯಿರಿ. ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ, ಯಾವ ಕಾರಣಕ್ಕೂ ನಾಶ ಮಾಡಬೇಡಿ, ಪರಿವೀಕ್ಷಕರು ಮಾದರಿ ತೆಗೆಯಬೇಕು. ಅರ್ಧ ಬಳಸಿದ ಬಾಟಲಿ ಇದ್ದರೆ ಅದನ್ನೂ ಡ್ರಿಪ್ ಸೆಟ್ ಸಮೇತ ಇಡಿ.

ಇದೆಲ್ಲ ಸಾಧ್ಯವಾಗಬೇಕಾದರೆ ವಾರ್ಡಿಗೆ ಕೊಡುವಾಗಲೇ ಇಂಡೆಂಟಿನಲ್ಲಿ ಬ್ಯಾಚ್ ನಂಬರ್ ಬರೆದಿರಬೇಕು, ಸಿಸ್ಟರ್ ಕೇಸ್ ಶೀಟಿನಲ್ಲಿ ಡ್ರಿಪ್ ಜೊತೆ ಬ್ಯಾಚ್ ಬರೆದಿರಬೇಕು. ಉಗ್ರಾಣದ ಕಂಪ್ಯೂಟರಿನಲ್ಲಿ ಬ್ಯಾಚ್ ಇದ್ದು, ವಾರ್ಡಿಗೆ ಹೋದ ಮೇಲೆ ಅದು ಕಾಣೆಯಾದರೆ ಯಾವ ತಾಯಿಗೆ ಯಾವ ಬಾಟಲಿ ಹೋಯಿತು ಎಂದು ಯಾರೂ ಹೇಳಲಾರರು. ಹಾಗೆಯೇ ಬಾಟಲಿ ತೂಗುಹಾಕುವ ಮೊದಲು ಬೆಳಕಿಗೆ ಹಿಡಿದು ನೋಡುವುದು, ಹಿಂಡಿ ಸೋರಿಕೆ ಪರೀಕ್ಷಿಸುವುದು ಪ್ರತಿ ಸಲವೂ ಆಗಲಿ. ಆದರೆ ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ದ್ರಾವಣ ಶುದ್ಧ ಎಂದು ತಿಳಿಯಬೇಡಿ.

ತಂದೆಗೆ ಕ್ಯಾನ್ಸರ್ ನೋವು. ಮಾರ್ಫಿನ್ ಮಾತ್ರೆ ಬರೆದಿದ್ದಾರೆ. ಊರಿನ ಯಾವ ಮೆಡಿಕಲ್ ಶಾಪಿನಲ್ಲೂ ಇಲ್ಲ. (ಸಾಗರ)

ಮಾಮೂಲಿ ಅಂಗಡಿಗಳನ್ನು ಸುತ್ತಿ ದಣಿಯಬೇಡಿ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದು, ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಕೊಡೀನ್, ಹೈಡ್ರೊಕೋಡೋನ್ ಇವು ‘ಅತ್ಯಗತ್ಯ ಮಾದಕ ಔಷಧ’ಗಳಾದವು. ಇವನ್ನು ಇಟ್ಟು ಕೊಡಲು ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಸಿಕ್ಕರೆ ಸಾಕು, ಮೊದಲಿನಂತೆ ನಾಲ್ಕೈದು ಪರವಾನಗಿ ಬೇಡ. ನೋವು ಉಪಶಮನದಲ್ಲಿ ತರಬೇತಿ ಪಡೆದ ವೈದ್ಯರು ಅಲ್ಲಿರಬೇಕು, ದಿನದಿನದ ಲೆಕ್ಕ ಇರಬೇಕು. ನಿಮ್ಮ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜಿನ ನೋವು ಉಪಶಮನ ವಿಭಾಗವನ್ನು ಮೊದಲು ಕೇಳಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರಾದರೆ ಅಲ್ಲಿಯೂ ಆ ವಿಭಾಗ ಇದೆ.

ಮಾತ್ರೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ. ನೋವು ಬರುವವರೆಗೆ ಕಾಯಬಾರದು. ಮಲಬದ್ಧತೆ ಖಂಡಿತ ಆಗುತ್ತದೆ, ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧ ಜೊತೆಗೆ ಬರೆಸಿಕೊಳ್ಳಿ. ತಂದೆಯವರಿಗೆ ಚಟವಾಗುತ್ತದೆ ಎಂದು ಹೆದರಿ ಡೋಸ್ ಕಡಿಮೆ ಮಾಡಬೇಡಿ. ಉಳಿದ ಮಾತ್ರೆಗಳನ್ನು ಕೊಟ್ಟ ಸಂಸ್ಥೆಗೇ ಎಣಿಸಿ ಹಿಂತಿರುಗಿಸಿ.

ನಾವು ವೃದ್ಧಾಶ್ರಮ ನಡೆಸುತ್ತೇವೆ, 32 ಹಿರಿಯರಿದ್ದಾರೆ. ದಾನಿಗಳು ಔಷಧ ತಂದುಕೊಡುತ್ತಾರೆ. ಬೇಕಾದವರಿಗೆ ಕೊಡುತ್ತೇವೆ. ಇದಕ್ಕೂ ನಿಯಮವಿದೆಯೇ? (ಮಂಡ್ಯ)

ಇದೆ. ಹಣ ತೆಗೆದುಕೊಳ್ಳದಿದ್ದರೂ ‘ಹಂಚುವುದು’ 1940ರ ಔಷಧ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಒಬ್ಬ ಹಿರಿಯರಿಗೆ ವೈದ್ಯರು ಬರೆದು, ಅವರ ಹೆಸರಿನಲ್ಲಿ ಕೊಂಡ ಮಾತ್ರೆಯನ್ನು ನೀವು ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಟ್ಟರೆ ಅದು ಮನೆಮಂದಿ ಮಾಡುವ ಆರೈಕೆ. ಲೈಸೆನ್ಸ್ ಬೇಡ. ಸಾಮೂಹಿಕ ಡಬ್ಬಿಯಲ್ಲಿ ಬಿಪಿ, ಸಕ್ಕರೆ, ಆಂಟಿಬಯಾಟಿಕ್ ತುಂಬಿಟ್ಟು ತೋಚಿದವರಿಗೆ ಕೊಟ್ಟರೆ ಅದು ಅಪಾಯವೂ ಹೌದು, ತಪ್ಪೂ ಹೌದು.

ಒಬ್ಬೊಬ್ಬರಿಗೂ ಹೆಸರು, ಫೋಟೊ ಅಂಟಿಸಿದ ಪ್ರತ್ಯೇಕ ಡಬ್ಬಿ ಮಾಡಿ. ಒಂದೇ ಹೆಸರಿನ ಇಬ್ಬರು ಇದ್ದೇ ಇರುತ್ತಾರೆ, ಆಗ ಫೋಟೊ ಕಾಪಾಡುತ್ತದೆ. ಡಬ್ಬಿಯಲ್ಲಿ ಡಾಕ್ಟರ ಚೀಟಿಯ ಪ್ರತಿ ಇರಲಿ. ಮಾತ್ರೆ ನುಂಗಿದ ಮೇಲೆ ಸಹಿ ಹಾಕಿ, ಕೊಡುವ ಮೊದಲೇ ಸಾಲಾಗಿ ಸಹಿ ಹಾಕಿಡಬೇಡಿ. ದೀರ್ಘಕಾಲ ಕೆಲಸ ಮಾಡುವಂತೆ ತಯಾರಿಸಿದ ಮಾತ್ರೆ, ಕರುಳಿನಲ್ಲಿ ಕರಗುವ ಲೇಪನದ ಮಾತ್ರೆ ಇವನ್ನು ನುಂಗಲು ಕಷ್ಟವೆಂದು ಪುಡಿ ಮಾಡಬೇಡಿ. ದೀರ್ಘಕಾಲದ ಮಾತ್ರೆಯಾದರೆ ದಿನದ ಡೋಸ್ ಒಮ್ಮೆಲೇ ಇಳಿದುಬಿಡುತ್ತದೆ. ಪುಡಿ ಮಾಡುವ ಮೊದಲು ಫಾರ್ಮಸಿಸ್ಟರನ್ನು ಕೇಳಿ, ದ್ರವರೂಪ ಸಿಗುತ್ತದೆಯೇ ನೋಡಿ. ದಾನಿಗಳಿಗೆ ಔಷಧದ ಬದಲು ಔಷಧದ ಬಿಲ್ ಕಟ್ಟಲು ವಿನಂತಿಸಿಕೊಳ್ಳಿ. ಯಾರಾದರೂ ಹಿರಿಯರು ತೀರಿಕೊಂಡಾಗ ಅವರ ಡಬ್ಬಿಯಲ್ಲಿ ಉಳಿದ ಮಾತ್ರೆ ಎಷ್ಟೇ ಬೆಲೆಯದಾದರೂ ಪಕ್ಕದ ಡಬ್ಬಿಗೆ ಸುರಿಯಬೇಡಿ. ಎಣಿಸಿ, ಬರೆದು, ಹತ್ತಿರದ ಆಸ್ಪತ್ರೆಯ ಫಾರ್ಮಸಿಯವರನ್ನು ಕೇಳಿ ವಿಲೇವಾರಿ ಮಾಡಿಸಿ.